ಒಡೆದ ಮೊಟ್ಟೆ ಯಾರ ತಟ್ಟೆಗೆ

ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಆಗಾಗ ನನಗೆ ಫೋನ್ ಮಾಡುತ್ತಾರೆ. ಬೆರಳಚ್ಚಿನ ಹಾಜರಾತಿ ಕೈಕೊಟ್ಟರೆ ಏನು ಮಾಡಬೇಕು, ಸಾಹೇಬರು ತಪಾಸಣೆಗೆ ಬಂದರೆ ಮೊದಲು ಏನು ತೋರಿಸಬೇಕು ಎಂದೆಲ್ಲ ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಕೊಡುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. "ನಿಮ್ಮ ಹಾಸ್ಟೆಲ್ಲಲ್ಲಿ ಮೊಟ್ಟೆ ಒಡೀತವಾ?"

ನಗುತ್ತಾರೆ. ನಗಲಿ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ಜಿಲ್ಲೆಯ ಈ ಮೂಲೆಯಲ್ಲೇ ಸುತ್ತಿ ಸುತ್ತಿ ನಿವೃತ್ತಳಾದವಳು ನಾನು. ಹೆಣ್ಣುಮಕ್ಕಳ ಹಾಸ್ಟೆಲ್ಲು ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮೊಟ್ಟೆ ಕೊಡುವ ದಿನ ಊಟದ ಸಾಲಿನ ಕೊನೆಯಲ್ಲಿ ನಿಂತ ಮಗುವಿನ ತಟ್ಟೆ ನೋಡಬೇಕು. ಅಲ್ಲಿ ದುಂಡಗೆ, ಬೆಳ್ಳಗೆ, ನೆಟ್ಟಗಿರುವ ಮೊಟ್ಟೆ ಇದ್ದರೆ ಹಾಸ್ಟೆಲ್ಲು ಚೆನ್ನಾಗಿದೆ ಎಂದರ್ಥ. ಮಿಕ್ಕಿದ್ದನ್ನು ಆಮೇಲೆ ಸರಿಮಾಡಿಕೊಳ್ಳಬಹುದು.

ನನ್ನ ಊರು ಕಿರಂಗೂರು. ಅಪ್ಪ ಕಬ್ಬು ಕಡಿಯುವ ಕೂಲಿ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದ್ದು ನಾನು, ಅದೂ ಬಿ.ಎಸ್ಸಿ. ಗಂಡುಮಕ್ಕಳೇ ಹತ್ತನೇ ತರಗತಿ ದಾಟದ ಮನೆಯಲ್ಲಿ ಹುಡುಗಿಯೊಬ್ಬಳು ಭೌತಶಾಸ್ತ್ರ ಓದಿ ಪಾಸಾದದ್ದನ್ನು ನಾನು ಇವತ್ತಿಗೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಯಾರೂ ಅದನ್ನು ಪುಕ್ಕಟೆ ಕೊಡಲಿಲ್ಲ. ಬೆಳಿಗ್ಗೆ ಗದ್ದೆಯಲ್ಲಿ ಕಳೆ ಕಿತ್ತು, ಕೈ ತೊಳೆದುಕೊಂಡು ಬಸ್ಸು ಹತ್ತಿ ಓದಿದ ಡಿಗ್ರಿ ಅದು.

ವಾರ್ಡನ್ ಕೆಲಸದ ಆರ್ಡರ್ ಬಂದಾಗ ಅವ್ವ ಇಡೀ ಬೀದಿಗೆ ಸಕ್ಕರೆ ಹಂಚಿದಳು. ನಮ್ಮ ಸೋದರಮಾವ ಮಾತ್ರ ಜಗುಲಿಯ ಮೇಲೆ ಕೂತು ಕೇಳಿದ.

"ಅಲ್ಲ ಕಣಮ್ಮಿ, ಅಲ್ಲಿ ನೀನು ಮಾಡ ಕೆಲ್ಸ ಏನು?"

"ಮಕ್ಕಳನ್ನ ನೋಡ್ಕೊಳ್ಳೋದು ಮಾವ. ಊಟ, ತಿಂಡಿ, ಓದು..."

"ಊಟ ಅಂದ್ರೆ?"

"ಮುದ್ದೆ, ಅನ್ನ, ಸಾರು. ವಾರಕ್ಕೊಂದಪ ಮೊಟ್ಟೆ."

"ಅಯ್ ಬುಡತ್ತಗೆ! ಮೊಟ್ಟೆ ಬೇಯ್ಸಕ್ಕೆ ಬಿಎಸ್ಸಿ ಓದ್ದ? ನಿಮ್ಮತ್ತೆ ಒಂದ್ನೇ ಕ್ಲಾಸೂ ಓದ್ಲಿಲ್ಲ, ದಿನಾ ಬೇಯ್ಸ್ತಾಳೆ!"

ಜಗುಲಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಾವ ಕೇಳಿದ ಪ್ರಶ್ನೆಗೆ ನನ್ನ ಇಡೀ ಸರ್ವೀಸೇ ಉತ್ತರವಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಹಾಕಿದ್ದು ನಾಗಮಂಗಲಕ್ಕೆ. ಹಂಚಿನ ಕಟ್ಟಡ, ಸೌದೆ ಒಲೆ, ಕಣ್ಣುರಿಸುವ ಹೊಗೆ. ಅಡುಗೆಯ ಸಾಕಮ್ಮ ನನಗಿಂತ ವಯಸ್ಸಿನಲ್ಲಿ ದೊಡ್ಡವರು, ದನಿಯಲ್ಲಿ ಇನ್ನೂ ದೊಡ್ಡವರು. ಅವರು ಮೊಟ್ಟೆ ಬೇಯಿಸುವುದನ್ನು ಮೊದಲ ಸಲ ಪಕ್ಕದಲ್ಲೇ ನಿಂತು ನೋಡಿದೆ. ದೊಡ್ಡ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಸಾಕಮ್ಮ ಮಂಕರಿ ಎತ್ತಿ, ಎಸರಿಗೆ ಅಕ್ಕಿ ಸುರಿಯುವ ಹಾಗೆ ಮೊಟ್ಟೆಗಳನ್ನು ಒಂದೇ ಸಲಕ್ಕೆ ಸುರಿದರು. ಹಂಡೆಯೊಳಗೆ ಟಕಟಕ ಸದ್ದು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆಲ್ಲ ಬಿಳಿ ಬಿಳಿ ಎಳೆಗಳು ತೇಲಿದವು.

"ಸಾಕಮ್ಮಾ, ಒಡೆದುಹೋದವಲ್ಲ!"

"ಒಡೀದೆ ಇನ್ನೇನಾಯ್ತವೆ ಮೇಡಂನೋರೆ? ಮೊಟ್ಟೆ ಅಂದ್ಮೇಲೆ ಒಡೀಲೇಬೇಕು. ಕಲ್ಲಾ ಅದು?"

ಊಟದ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯರು ಮುಂದೆ, ಚಿಕ್ಕವರು ಹಿಂದೆ. ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆದುಬಂದಿತ್ತು. ಬಡಿಸುವವರು ಕೈಗೆ ಸಿಕ್ಕಿದ ಗಟ್ಟಿ ಮೊಟ್ಟೆಗಳನ್ನು ಮೊದಲು ಹಾಕಿಬಿಡುತ್ತಿದ್ದರು. ಬಾಯಿ ಬಿಟ್ಟು, ಬಿಳಿಭಾಗ ಅರ್ಧ ಸೋರಿ, ಒಳಗೆ ನೀರು ತುಂಬಿದವು ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದವು. ಅವು ಕೊನೆಯವರ ಪಾಲು. ಆ ವರ್ಷ ಕೊನೆಯಲ್ಲಿ ನಿಲ್ಲುತ್ತಿದ್ದದ್ದು ಗೌರಿ, ಐದನೇ ಕ್ಲಾಸಿನ ಹುಡುಗಿ. ಅವಳು ತಟ್ಟೆಯನ್ನು ನನ್ನ ಹತ್ತಿರ ತಂದು ತೋರಿಸಿದಳು. ದೂರು ಕೊಡುವ ದನಿಯೇ ಇರಲಿಲ್ಲ.

"ಮೇಡಂ, ನಂಗೆ ಯಾವಾಗ್ಲೂ ಗಾಯ ಆಗಿರ ಮೊಟ್ಟೆನೇ ಬತ್ತದೆ."

ಗಾಯ ಆಗಿರ ಮೊಟ್ಟೆ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಆ ಮಗುವಿನ ತಟ್ಟೆಗೆ ಗಾಯವಿಲ್ಲದ ಮೊಟ್ಟೆ ಬೀಳುವಂತೆ ಮಾಡದಿದ್ದರೆ ನಾನು ಓದಿದ್ದೂ ದಂಡ, ಸಂಬಳ ತೆಗೆದುಕೊಳ್ಳುವುದೂ ದಂಡ ಅನ್ನಿಸಿತು.

ಮೊದಲು ನನ್ನ ಬಿ.ಎಸ್ಸಿ. ಬುದ್ಧಿ ಓಡಿಸಿದೆ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದಿಷ್ಟು ಗಾಳಿ ಇರುತ್ತದೆ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ, ಚಿಪ್ಪು ಹಿಗ್ಗುವುದಿಲ್ಲ, ಅದಕ್ಕೇ ಬಿರಿಯುತ್ತದೆ. ಹಾಗಾದರೆ ಗಾಳಿ ಹೊರಹೋಗಲು ಒಂದು ಸಣ್ಣ ದಾರಿ ಮಾಡಿಕೊಟ್ಟರೆ ಆಯಿತಲ್ಲ? ಮುಂದಿನ ವಾರ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ, ಕೈಗೊಂದೊಂದು ಪಿನ್ನು ಕೊಟ್ಟು, "ದಪ್ಪ ಕಡೆ ಮೆಲ್ಲಗೆ ಚುಚ್ಚಿ" ಎಂದೆ. ತತ್ತ್ವ ಸರಿಯಾಗಿಯೇ ಇತ್ತು. ಆದರೆ ಹಾಸ್ಟೆಲ್ ಹುಡುಗಿಯರ ಕೈ ಪ್ರಯೋಗಶಾಲೆಯ ಕೈಯಲ್ಲ. ಒಬ್ಬಳು ಚುಚ್ಚಿದ್ದು ಒಳಗೇ ಹೋಯಿತು, ಇನ್ನೊಬ್ಬಳು ನಗುತ್ತ ಹಿಸುಕಿಬಿಟ್ಟಳು, ಮತ್ತೊಬ್ಬಳ ಲಂಗದ ತುಂಬ ಹಳದಿ. ಸಾಕಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಭೇಷ್ ಮೇಡಂನೋರೆ. ನಾನು ಹಂಡೆಗೆ ಹಾಕ್ದ ಮ್ಯಾಕೆ ಒಡೀತಿದ್ದೋ. ನೀವು ಮುಂಚೇನೇ ಒಡೆಯ ಉಪಾಯ ಕಂಡಿಡ್ದ್ರಿ!"

ಅವತ್ತು ಎಲ್ಲರಿಗೂ ಮೊಟ್ಟೆ ಪಲ್ಯ. ಗೌರಿಗೂ ಪಲ್ಯ. ಚಪ್ಪರಿಸಿ ತಿಂದಳು, ನಿಜ. ಆದರೆ ಅದು ನಾನು ಕೊಡಬೇಕೆಂದುಕೊಂಡದ್ದಲ್ಲ.

ಪಿನ್ನಿನ ಪ್ರಕರಣ ಆದಮೇಲೆ ನನಗೆ ಬೇರೆ ಯೋಚನೆ ಬಂತು. ಮೊಟ್ಟೆ ಒಡೆದರೆ ಇಲ್ಲಿ ಯಾರಿಗೆ ನೋವು? ಕೊನೆಯ ಹುಡುಗಿಗೆ ಮಾತ್ರ. ನನಗಿಲ್ಲ, ಸಾಕಮ್ಮನಿಗಿಲ್ಲ, ಮುಂದೆ ನಿಲ್ಲುವ ದೊಡ್ಡ ಹುಡುಗಿಯರಿಗಿಲ್ಲ. ನೋವಿಲ್ಲದವರು ಜೋಪಾನ ಯಾಕೆ ಮಾಡುತ್ತಾರೆ? ಊಟದ ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. "ಇವತ್ತಿಂದ ಗಾಯದ ಮೊಟ್ಟೆ ಮೊದಲು ನನ್ನ ತಟ್ಟೆಗೆ. ಆಮೇಲೆ ಸಾಕಮ್ಮನ ತಟ್ಟೆಗೆ. ಇನ್ನೂ ಮಿಕ್ಕಿದ್ರೆ ಎಸ್ಸೆಸ್ಸೆಲ್ಸಿಯವರು, ಆಮೇಲೆ ಒಂಬತ್ತನೇ ಕ್ಲಾಸು. ಮೇಲಿಂದ ಕೆಳಕ್ಕೆ."

ಸಾಕಮ್ಮ ಉರಿದುಬಿದ್ದರು. "ನಾನ್ಯಾಕ್ ಒಡ್ದೋಗಿರದ್ ತಿನ್ಲಿ? ನಾನೇನ್ ಇಟ್ಟಿದ್ದೀನಾ ಆ ಮೊಟ್ಟೆಯ?"

"ನಾನೂ ಇಟ್ಟಿಲ್ಲ ಸಾಕಮ್ಮ. ಗೌರೀನೂ ಇಟ್ಟಿಲ್ಲ."

ಮುಖ ಊದಿಸಿಕೊಂಡೇ ತಿಂದರು. ನೀರು ನುಗ್ಗಿ ಸಪ್ಪೆಯಾದ ಮೊಟ್ಟೆ ಎಷ್ಟು ಹಾಳು ರುಚಿ ಎಂದು ನನಗೂ ಅವತ್ತೇ ಗೊತ್ತಾದದ್ದು.

ಮುಂದಿನ ಮೊಟ್ಟೆಯ ದಿನ ಅಡುಗೆಮನೆಗೆ ಹೋದರೆ ಬೇರೆಯದೇ ನೋಟ. ಎಸ್ಸೆಸ್ಸೆಲ್ಸಿ ಹುಡುಗಿಯರು ಒಲೆಯ ಸುತ್ತ ಕಾವಲು ನಿಂತಿದ್ದಾರೆ. "ಸಾಕಮ್ಮಕ್ಕಾ, ಮೆಲ್ಲಗೆ! ಸೌದೆ ಹಿಂದಕ್ಕೆಳೀರಿ! ಕುಣೀತಾವೆ, ಕುಣೀತಾವೆ!" ಸಾಕಮ್ಮ, "ಆಚಿಗೋಗ್ರಮ್ಮಿ, ನಂಗೊತ್ತು" ಎಂದು ಬೈಯುತ್ತಲೇ ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಹೊರಕ್ಕೆ ಎಳೆಯುತ್ತಿದ್ದಾರೆ. ಆಮೇಲೆ ಸಾಕಮ್ಮನೂ ನಾನೂ ಸೇರಿ ಪದ್ಧತಿಯನ್ನೇ ಬದಲಾಯಿಸಿದೆವು. ಹಂಡೆಯ ಬದಲು ಅಗಲ ಬಾಯಿಯ ಪಾತ್ರೆ, ಯಾಕೆಂದರೆ ಮೊಟ್ಟೆಯ ಮೇಲೆ ಮೊಟ್ಟೆಯ ಭಾರ ಬೀಳಬಾರದು. ತಳಕ್ಕೆ ಹಳೆಯ ಸೀರೆಯ ತುಂಡು. ಮೊದಲು ತಣ್ಣೀರಿನಲ್ಲಿ ಮೊಟ್ಟೆ ಜೋಡಿಸಿ, ಆಮೇಲೆ ಒಲೆ ಹೊತ್ತಿಸುವುದು. ಕುದಿ ಬಂದ ತಕ್ಷಣ ಉರಿ ಇಳಿಸುವುದು. ನೀರು ಸಣ್ಣಗೆ ಗುಳುಗುಳು ಎನ್ನಬೇಕೇ ಹೊರತು ಮೊಟ್ಟೆ ಕುಣಿಯಬಾರದು. ಒಂದು ಹಿಡಿ ಉಪ್ಪು. ಉಪ್ಪು ಹಾಕಿದರೆ ಒಡೆಯುವುದಿಲ್ಲ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಒಡೆದರೂ ಬಿರುಕಿನ ಬಾಯಿ ಬೇಗ ಕಟ್ಟಿಕೊಳ್ಳುತ್ತದೆ, ಹೆಚ್ಚು ಸೋರುವುದಿಲ್ಲ, ಅಷ್ಟೇ.

ಗೌರಿಯ ತಟ್ಟೆಗೆ ಮೊದಲ ಸಲ ನೆಟ್ಟಗಿನ ಮೊಟ್ಟೆ ಬಿದ್ದಾಗ ಅವಳು ತಿನ್ನಲಿಲ್ಲ. ತಟ್ಟೆ ಓರೆ ಮಾಡಿ, ಅದು ಆ ಅಂಚಿನಿಂದ ಈ ಅಂಚಿಗೆ ಉರುಳುವುದನ್ನು ನೋಡುತ್ತ ಕೂತಳು. "ತಿನ್ನಮ್ಮಿ, ಆರೋಯ್ತದೆ" ಎಂದು ಗದರಿದವರು ಸಾಕಮ್ಮನೇ.

ನಾಗಮಂಗಲದಿಂದ ಕೆ.ಆರ್. ಪೇಟೆಗೆ ವರ್ಗವಾಯಿತು. ಅಲ್ಲಿ ಹೊಸ ಪಾಠ. ನಮ್ಮ ಪದ್ಧತಿಯನ್ನು ಒಂದಿಷ್ಟೂ ತಪ್ಪದೆ ಮಾಡಿದರೂ ಪ್ರತಿ ವಾರ ನನ್ನ ತಟ್ಟೆಗೆ ಗಾಯದ ಮೊಟ್ಟೆಗಳು ಬಂದು ಬೀಳತೊಡಗಿದವು. ಉರಿ ಸರಿ, ನೀರು ಸರಿ, ಪಾತ್ರೆ ಸರಿ. ಮತ್ತೆ ಯಾಕೆ? ನಾಲ್ಕಾರು ವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಅವು ನಮ್ಮ ಪಾತ್ರೆಗೆ ಬರುವ ಮೊದಲೇ ಗಾಯ ಮಾಡಿಕೊಂಡು ಬಂದಿವೆ. ಕೂದಲೆಳೆಯಷ್ಟು ಸಣ್ಣ ಬಿರುಕು, ಕಣ್ಣಿಗೆ ಕಾಣುವುದಿಲ್ಲ, ಬಿಸಿನೀರಿಗೆ ಬಿದ್ದ ಮೇಲೆ ಬಾಯಿ ಬಿಡುತ್ತದೆ.

ಮೊಟ್ಟೆ ತರುತ್ತಿದ್ದವರು ಮುನೀರ್ ಸಾಬರು. ಲಗೇಜ್ ಆಟೋದಲ್ಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತಿದ್ದರು. ಬಾಗಿಲಲ್ಲೇ ಅವರನ್ನು ನಿಲ್ಲಿಸಿದೆ. ಎರಡು ಮೊಟ್ಟೆ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಒಂದಕ್ಕೊಂದು ಮೆಲ್ಲಗೆ ತಾಗಿಸಿದೆ. ಗಟ್ಟಿ ಮೊಟ್ಟೆಗೆ ಗಟ್ಟಿ ಮೊಟ್ಟೆ ತಾಗಿದರೆ ಟಿಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ತಾಗಿದರೆ ಡಬ್ ಎಂದು ಸತ್ತ ದನಿ. ನಮ್ಮವ್ವ ಕೋಳಿಯನ್ನು ಕಾವಿಗೆ ಕೂರಿಸುವ ಮುಂಚೆ ಹೀಗೇ ಮಾಡುತ್ತಿದ್ದಳು.

ಮುನೀರ್ ಸಾಬರು ಬೀಡಿ ಬಾಯಿಂದ ತೆಗೆದು ನೋಡಿದರು. "ಅರೆ, ಮೇಡಂ! ನೀವು ಅಂಡಾ ತಗೋತಿದ್ದೀರೋ, ತಬಲಾ ತಗೋತಿದ್ದೀರೋ?"

"ಎರಡೂ ಶ್ರುತಿ ಸರಿ ಇರಬೇಕು ಸಾಬ್ರೆ. ಈ ಮೂರು ವಾಪಸ್ಸು."

"ರೋಡ್ ನೋಡಿ ಮೇಡಂ ರೋಡು! ಆ ಗುಂಡೀಲಿ ನನ್ ಹಲ್ಲೇ ಅಲ್ಲಾಡ್ತದೆ, ಅಂಡಾ ಏನ್ ಕಬ್ಬಿಣಾನಾ?"

"ಹಲ್ಲು ನಿಮ್ಮದು, ನೀವು ನೋಡ್ಕೊಳ್ಳಿ. ಮೊಟ್ಟೆ ನಮ್ಮ ಮಕ್ಕಳದ್ದು."

ಗೊಣಗಿದರು. "ಕಾಲೇಜ್ ಓದಿರೋರ್ ಹತ್ರ ಯಾಪಾರ ಬೇಡ ಅಂತ ನಮ್ ಅಬ್ಬಾ ಹೇಳ್ತಿದ್ರು" ಎಂದು ಆಟೋ ತಿರುಗಿಸಿದರು. ಆದರೆ ಮುಂದಿನ ವಾರ ಬಂದಾಗ ಆಟೋದಲ್ಲಿ ಟ್ರೇಗಳ ಕೆಳಗೆ ಭತ್ತದ ಹುಲ್ಲಿನ ಮೆತ್ತೆ. ಇಳಿಸುವ ಮೊದಲು ತಾವೇ ಎರಡೆರಡು ಮೊಟ್ಟೆ ತೆಗೆದು ಕಿವಿಗೆ ಹಿಡಿದು, ಟಿಣ್ ಎನ್ನಿಸಿ, "ಸುನಿಯೇ ಮೇಡಂ, ಫಸ್ಟ್ ಕ್ಲಾಸ್" ಎಂದು ಹುಬ್ಬು ಹಾರಿಸಿದರು. ಆಟೋ ಹೋದ ಮೇಲೆ ಸಿಕ್ಕಿದ ಡಬ್ ಎನ್ನುವವನ್ನು ಪಕ್ಕಕ್ಕಿಟ್ಟು ಅವತ್ತೇ ಪಲ್ಯ ಮಾಡಿಬಿಡುತ್ತಿದ್ದೆವು. ಕೆ.ಆರ್. ಪೇಟೆ ಬಿಡುವ ಹೊತ್ತಿಗೆ ನನ್ನ ತಟ್ಟೆಗೆ ಗಾಯದ ಮೊಟ್ಟೆ ಬೀಳುವುದೇ ಅಪರೂಪವಾಗಿತ್ತು.

ಇಷ್ಟೆಲ್ಲ ಕಲಿತೆ ಎಂದು ಬೀಗುತ್ತ ಪಾಂಡವಪುರಕ್ಕೆ ಹೋದೆ. ಬೀಗಿದ್ದು ಇಳಿಯುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ.

ಪಾಂಡವಪುರದ ಹಾಸ್ಟೆಲ್ಲು ಹೊಸದು. ಗ್ಯಾಸ್ ಒಲೆ, ಟೈಲ್ಸ್ ಹಾಕಿದ ಅಡುಗೆಮನೆ. ಅಡುಗೆಯ ದೇವಮ್ಮ ಮೆತ್ತಗಿನ ಹೆಂಗಸು, ಕೈ ರುಚಿ ಬಹಳ ಚೆನ್ನ. ಗಾಯದ ಮೊಟ್ಟೆಯ ನಿಯಮವನ್ನು ಅಲ್ಲೂ ಮೊದಲ ವಾರವೇ ಜಾರಿ ಮಾಡಿದೆ. ಬಡಿಸುವ ಸರದಿಯಲ್ಲಿದ್ದ ಹುಡುಗಿಯರಿಗೆ ಅದು ಎಷ್ಟು ಹಿಡಿಸಿತೆಂದರೆ, "ಮೇಡಂಗೆ ಗಾಯದ್ದು ಬಂತಾ?" ಎಂದು ಇಣುಕಿ ನೋಡಿ ಕಿಸಿಕಿಸಿ ನಗುವುದೇ ಒಂದು ಆಟವಾಯಿತು. ದಿನಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಆಗ ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಹೆಸರು ಬೇಡ. ಕಟ್ಟುನಿಟ್ಟು, ಇಸ್ತ್ರಿ ಮಾಡಿದ ಮಾತು, ಆದರೆ ಕೆಟ್ಟವರಲ್ಲ. ಅಡುಗೆಮನೆಯ ಮೂಲೆಯಲ್ಲಿ ಮೊಟ್ಟೆ ಟ್ರೇ ನೋಡಿದರು. ಯಾರೋ ದಾನ ಕೊಟ್ಟಿದ್ದ ದೊಡ್ಡ ಫ್ರಿಜ್ಜು ಪಕ್ಕದಲ್ಲೇ ಇತ್ತು.

"ಫ್ರಿಜ್ ಇಟ್ಟುಕೊಂಡು ಮೊಟ್ಟೆ ಹೊರಗೆ ಯಾಕೆ ಇಟ್ಟಿದ್ದೀರಿ? ಇನ್ನು ಮುಂದೆ ಮೊಟ್ಟೆ ಫ್ರಿಜ್ಜಿನಲ್ಲೇ ಇರಬೇಕು. ಮುಂದಿನ ವಾರ ಬಂದು ಮಕ್ಕಳ ಜೊತೆ ಊಟ ಮಾಡುತ್ತೇನೆ."

ಸರಿ ಎಂದೆವು. ಮೊಟ್ಟೆಗಳೆಲ್ಲ ಫ್ರಿಜ್ಜಿಗೆ ಹೋದವು. ಸಾಹೇಬರು ಬರುವ ದಿನ ಎಲ್ಲವೂ ತಡ. ಮುದ್ದೆಗೆ ಹಿಟ್ಟು ತಡ, ಸಾರಿಗೆ ಒಗ್ಗರಣೆ ತಡ, ಮೊಟ್ಟೆ ನೆನಪಾದದ್ದು ಅವರ ಜೀಪು ಗೇಟಿನೊಳಗೆ ಬಂದಾಗ. ದೇವಮ್ಮ ಗಾಬರಿಯಲ್ಲಿ ಫ್ರಿಜ್ಜಿನಿಂದ ಟ್ರೇ ತೆಗೆದು, ಅನ್ನಕ್ಕೆಂದು ಕಾಯಿಸಿಟ್ಟಿದ್ದ ಕುದಿಯುವ ನೀರಿಗೇ ಮೊಟ್ಟೆ ಬಿಟ್ಟಳು. ನಾನು ಸಾಹೇಬರಿಗೆ ಕುರ್ಚಿ ಎಳೆಯುತ್ತಿದ್ದೆ. ಅಡುಗೆಮನೆಯಿಂದ ಟಪ್, ಟಪ್, ಟಪಟಪ ಎಂದು ಬಾಣಲೆಯಲ್ಲಿ ಕಡಲೆ ಸಿಡಿದಂತೆ ಸದ್ದು ಬಂತು.

ಬಡಿಸುವ ಸರದಿ ಆರನೇ ಕ್ಲಾಸಿನ ಚಂದನಳದು. ಸಾಹೇಬರು ಮಕ್ಕಳ ಸಾಲಿನಲ್ಲೇ ನೆಲದ ಮೇಲೆ ಕೂತಿದ್ದರು. ಅವಳು ಪಾತ್ರೆಯೊಳಗೆ ಚೆನ್ನಾಗಿ ಹುಡುಕಿದಳು. ಬಾಯಿ ಬಿಟ್ಟು, ಬಿಳಿ ಬಾಲ ಬೆಳೆಸಿಕೊಂಡಿದ್ದ, ಇದ್ದವುಗಳಲ್ಲೇ ಅತಿ ಕೆಟ್ಟ ಮೊಟ್ಟೆಯನ್ನು ಆರಿಸಿ ಸಾಹೇಬರ ತಟ್ಟೆಗೆ ಹಾಕಿದಳು.

"ಏನಮ್ಮಾ ಇದು?"

"ಗಾಯದ ಮೊಟ್ಟೆ ಸಾರ್. ನಮ್ಮಲ್ಲಿ ಎಲ್ಲಾರ್‍ಗಿಂತ ದೊಡ್ಡೋರಿಗೆ ಮೊದ್ಲು ಅದೇ ಹಾಕದು. ಇವತ್ತು ನೀವೇ ದೊಡ್ಡೋರು."

ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ನಾನು ಇಳಿದು ಹೋಗಿರುತ್ತಿದ್ದೆ. ಸಾಹೇಬರು ಸಾಲಿನ ಮೇಲೆ ಕಣ್ಣಾಡಿಸಿದರು. ಎಲ್ಲರ ತಟ್ಟೆಯಲ್ಲೂ ಬಿರಿದವೇ. ಆ ಕಡೆ ಈ ಕಡೆ ಒಂದೊಂದು ನೆಟ್ಟಗಿದ್ದದ್ದು ಚಿಕ್ಕವರ ತಟ್ಟೆಯಲ್ಲಿತ್ತು. ಊಟ ಮುಗಿಸಿ ಎದ್ದು ನನ್ನನ್ನು ಕರೆದರು.

"ನೋಡಿ ಮೇಡಂ, ಒಡೆದ ಮೊಟ್ಟೆ ತಿಂದು ಒಂದು ಮಗುವಿಗೆ ಹೊಟ್ಟೆ ಕೆಟ್ಟರೆ ನಾನು ಉತ್ತರ ಹೇಳಬೇಕು. ಮೊಟ್ಟೆ ಬೇಯಿಸಲು ಬರದಿದ್ದರೆ ಬೇಡ, ಇಲ್ಲಿಗೆ ಮೊಟ್ಟೆ ನಿಲ್ಲಿಸಿ ಬಾಳೆಹಣ್ಣು ಕೊಡಲು ಬರೆದುಬಿಡುತ್ತೇನೆ. ಬಾಳೆಹಣ್ಣು ಒಡೆಯುವುದಿಲ್ಲ. ಇನ್ನೊಂದು ವಾರ ನೋಡುತ್ತೇನೆ."

ಜೀಪು ಹೋಯಿತು. ಸುದ್ದಿ ಕ್ಷಣದಲ್ಲಿ ಹಬ್ಬಿತು. ಹಾಸ್ಟೆಲ್ಲಿನಲ್ಲಿ ಅವತ್ತು ಯಾರೂ ಆಟಕ್ಕೂ ಇಳಿಯಲಿಲ್ಲ. ಹೊರಗಿನವರಿಗೆ ಅರ್ಥವಾಗುವುದಿಲ್ಲ, ವಾರದ ಒಂದು ಮೊಟ್ಟೆಗೆ ಇಷ್ಟೆಲ್ಲವೇ ಅನ್ನಿಸಬಹುದು. ಆ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಕೋಳಿ ಇತ್ತು. ಆದರೆ ಮೊಟ್ಟೆ ಸಂತೆಗೆ ಹೋಗುತ್ತಿತ್ತು, ಇಲ್ಲವೇ ಅಣ್ಣನ ತಟ್ಟೆಗೆ. ತನ್ನದೇ ಎಂದು ಒಂದು ಇಡೀ ಮೊಟ್ಟೆ ಸಿಗುತ್ತಿದ್ದದ್ದು ಹಾಸ್ಟೆಲ್ಲಿನಲ್ಲಿ ಮಾತ್ರ. ಚಂದನ ಅಳುತ್ತ ಬಂದಳು. "ಮೇಡಂ, ನನ್ನಿಂದಾನೇ ಮೊಟ್ಟೆ ಓಯ್ತಾ?"

"ನೀನು ನಿಯಮ ಪಾಲಿಸಿದೆ. ಮೊಟ್ಟೆ ಎಲ್ಲೂ ಹೋಗಲ್ಲ, ಹೋಗಿ ಮುಖ ತೊಳಕೋ" ಎಂದೆ. ಹೇಳಿದೆನೇ ಹೊರತು ಒಳಗೆ ಧೈರ್ಯವಿರಲಿಲ್ಲ.

ದೇವಮ್ಮ ಒಲೆಯ ಮುಂದೆ ಕುಸಿದು ಕೂತಿದ್ದಳು. "ಬಾಯಿ ಬಿದ್ದದೆ ಮೇಡಂ. ಪಕ್ಕದ ಬೀದಿಯೋರು ಯಾರೋ ಬಂದು ಏನ್ ಚಂದಾಗ್ ಮೊಟ್ಟೆ ಬೇಯ್ಸ್ತೀಯ ಅಂದ್ರು. ಅವತ್ತೇ ಅಂದ್ಕೊಂಡೆ, ಮೆಣಸಿನ್‍ಕಾಯಿ ನೀವಾಳಿಸ್ಬೇಕು ಅಂತ."

"ನೀವಾಳಿಸು ಬೇಕಾದ್ರೆ. ಅದಕ್ಕೆ ಮುಂಚೆ ಎರಡು ಮೊಟ್ಟೆ ತಗೊಂಡು ಬಾ. ಒಂದು ಫ್ರಿಜ್ಜಿಂದು, ಒಂದು ಇವತ್ತು ಆಟೋದಲ್ಲಿ ಬಂದು ಹೊರಗೇ ಇರೋದು."

ನನಗೆ ಕಾಲೇಜಿನ ಪಾಠ ನೆನಪಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಚಳಿಗಾಲದ ಬೆಳಿಗ್ಗೆ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದು ಲೋಟ ಸೀಳಿದ್ದು ನೆನಪಾಗಿತ್ತು. ಒಂದೇ ಪಾತ್ರೆ, ಒಂದೇ ಕುದಿನೀರು, ಎರಡನ್ನೂ ಚಮಚದಲ್ಲಿ ಇಟ್ಟು ಒಟ್ಟಿಗೇ ಇಳಿಸಿದೆವು. ಫ್ರಿಜ್ಜಿನದು ನೀರಿಗೆ ಮುಟ್ಟಿದ್ದೇ ತಡ ಟಪ್ ಎಂದು ಬಾಯಿ ಬಿಟ್ಟಿತು. ಹೊರಗಿನದು ಸುಮ್ಮನಿತ್ತು. ಒಂದು ಸಲ ಆದದ್ದು ಅದೃಷ್ಟವೂ ಇರಬಹುದು ಎಂದು ಮತ್ತೆ ಮಾಡಿದೆವು. ಮತ್ತೆ ಅದೇ. ದೇವಮ್ಮ ಫ್ರಿಜ್ಜಿನ ಕಡೆ ತಿರುಗಿ ನೋಡಿದಳು.

"ಅಂಗಾದ್ರೆ ಬಾಯಿ ಬಿದ್ದಿರದು ಫ್ರಿಜ್ಜಿಗೆ ಅನ್ನಿ!"

ನಗು ತಡೆಯಲಾಗಲಿಲ್ಲ. ಸಾಹೇಬರು ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಫ್ರಿಜ್ಜಿನಲ್ಲೇ ಇಡಬೇಕು ಎಂಬುದು ಆಜ್ಞೆ. ಅದನ್ನು ಮೀರುವ ಹಾಗಿಲ್ಲ, ಮೀರುವ ಅಗತ್ಯವೂ ಇರಲಿಲ್ಲ. ಮುಂದಿನ ವಾರ ಸಾಹೇಬರು ಬರುವ ದಿನ ಬೆಳಿಗ್ಗೆ ತಿಂಡಿಗೆ ಒಲೆ ಹೊತ್ತಿಸುವಾಗಲೇ ಟ್ರೇಗಳನ್ನು ಹೊರಗೆ ತೆಗೆದಿಟ್ಟೆವು. ಅಡುಗೆಮನೆಯ ಗಾಳಿಗೆ ಚಿಪ್ಪಿನ ಮೇಲೆ ಬೆವರು ಮೂಡಿತು, ಆರಿತು. ಆಮೇಲೆ ಸ್ನಾನದ ನೀರಿನಷ್ಟು ಉಗುರುಬೆಚ್ಚಗಿನ ನೀರಲ್ಲಿ ಜೋಡಿಸಿ, ಸಣ್ಣ ಉರಿ. ದೊಡ್ಡ ಹುಡುಗಿಯರು ಸುತ್ತ ನಿಂತು ಉಸಿರೂ ಬಿಡದೆ ಕೇಳುತ್ತಿದ್ದರು. ಟಪ್ ಎನ್ನಲಿಲ್ಲ. ಬೆಂದ ಮೇಲೆ ತಣ್ಣೀರಿಗೆ ಹಾಕಿ, ನೀರಿನೊಳಗೇ ಚಿಪ್ಪು ಬಿಡಿಸಿದೆವು. ಒಂದೊಂದೂ ಮಲ್ಲಿಗೆ ಮೊಗ್ಗಿನ ಹಾಗೆ ಹೊರಬಂತು.

ಕೊನೆಯ ಟ್ರೇ ಬಿಡಿಸುವಾಗ ದೇವಮ್ಮ ಇದ್ದಕ್ಕಿದ್ದಂತೆ ಸೆರಗಿನಲ್ಲಿ ಏನೋ ಮುಚ್ಚಿದಳು.

"ಏನದು?"

"ಏನಿಲ್ಲ ಮೇಡಂ."

"ದೇವಮ್ಮಾ."

ಸೆರಗು ತೆಗೆದಳು. ಒಂದೇ ಒಂದು. ಹೊಟ್ಟೆಯ ಮೇಲೆ ಉದ್ದಕ್ಕೆ ಬಿರಿದಿತ್ತು. "ಇದೊಂದ ನಾನು ಈಗ್ಲೇ ನುಂಗ್ಬುಡ್ತೀನಿ. ಸಾಹೇಬ್ರು ನೋಡದ್ ಬ್ಯಾಡ."

ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಡುಗೆಮನೆಯ ತುಂಬ ಹುಡುಗಿಯರು ನಿಂತು ನೋಡುತ್ತಿದ್ದರು. ಚಂದನ ಕೈಯಲ್ಲಿ ಬಡಿಸುವ ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಸಲ ಬಚ್ಚಿಟ್ಟರೆ ಮುಂದೆ ಆ ನಿಯಮವನ್ನು ನಾನು ಯಾವ ಬಾಯಲ್ಲಿ ಹೇಳಲಿ? "ಪಾತ್ರೆಗೆ ಹಾಕು" ಎಂದೆ.

ಸಾಹೇಬರು ಬಂದು ಹೋದಸಲ ಕೂತ ಜಾಗದಲ್ಲೇ ಕೂತರು. ನಾನು ಪಕ್ಕದಲ್ಲಿ ಕೂತೆ. ಚಂದನ ಸಾಲಿನ ಕೊನೆಯಿಂದ ಬಡಿಸುತ್ತ ಬಂದಳು. ಎಲ್ಲರ ತಟ್ಟೆಗೂ ಗುಂಡಗಿನವು. ನಮ್ಮಿಬ್ಬರ ಮುಂದೆ ಬಂದಾಗ ಪಾತ್ರೆಯಲ್ಲಿ ಎರಡೇ ಉಳಿದಿದ್ದವು, ಅದರಲ್ಲೊಂದು ಗಾಯದ್ದು. ಅವಳು ನನ್ನ ತಟ್ಟೆ ನೋಡಿದಳು, ಸಾಹೇಬರ ತಟ್ಟೆ ನೋಡಿದಳು. ಸೌಟು ಗಾಳಿಯಲ್ಲೇ ನಿಂತಿತು. ಊಟದ ಮನೆಯಲ್ಲಿ ಒಬ್ಬರೂ ಅಗಿಯುತ್ತಿರಲಿಲ್ಲ.

ನಾನು ನನ್ನ ತಟ್ಟೆ ಮುಂದೆ ಚಾಚಿದೆ. ಅಷ್ಟರಲ್ಲಿ ಸಾಹೇಬರ ತಟ್ಟೆ ಅದಕ್ಕಿಂತ ಮುಂದೆ ಬಂತು.

"ಇವತ್ತೂ ನಾನೇ ದೊಡ್ಡವನಲ್ಲವೇನಮ್ಮ? ನಿಮ್ಮ ನಿಯಮ, ಹಾಕು."

ಹಾಕಿದಳು. ಅವರು ಅದನ್ನು ಎರಡು ಭಾಗ ಮಾಡಿ, ಉಪ್ಪು ಖಾರ ಉದುರಿಸಿಕೊಂಡು, ಮಕ್ಕಳೆಲ್ಲ ನೋಡುತ್ತಿರುವಾಗಲೇ ತಿಂದರು. ಆಮೇಲೆ ಕೈ ತೊಳೆಯುತ್ತ ಕೇಳಿದರು. "ಹೋದ ವಾರ ಏನಾಗಿತ್ತು?"

"ಫ್ರಿಜ್ಜಿನಿಂದ ನೇರ ಕುದಿಯೋ ನೀರಿಗೆ ಹೋಗಿತ್ತು ಸರ್. ತಂಪಿನಲ್ಲಿ ಇಡೋದು ತಪ್ಪಲ್ಲ. ಅಲ್ಲಿಂದ ಬಿಸಿಗೆ ಬರೋಕೆ ಅದಕ್ಕೂ ಸ್ವಲ್ಪ ಹೊತ್ತು ಬೇಕು."

"ನೀವು ಓದಿದ್ದೇನು?"

"ಬಿ.ಎಸ್ಸಿ. ಸರ್."

"ಕಾಣುತ್ತದೆ" ಎಂದರು. "ಬಾಳೆಹಣ್ಣಿನ ಮಾತು ಬಿಡಿ. ಮೊಟ್ಟೆ ಮುಂದುವರಿಸಿ."

ಜೀಪು ಗೇಟು ದಾಟುವ ಮೊದಲೇ ಹುಡುಗಿಯರು ತಟ್ಟೆ ಬಡಿದು ಕೂಗಿದ ಸದ್ದಿಗೆ ರಸ್ತೆಯ ನಾಯಿಗಳು ಬೊಗಳಿದವು. ದೇವಮ್ಮ ಫ್ರಿಜ್ಜಿಗೆ ಮೆಣಸಿನಕಾಯಿ ನೀವಾಳಿಸಿದಳು. ನಾನು ಬೇಡ ಎನ್ನಲಿಲ್ಲ.

ಆ ವರ್ಷವೇ ಯಾವಾಗಲೋ ಸೋದರಮಾವ ನಾನು ಆಗ ವಾಸವಿದ್ದ ಪಾಲಹಳ್ಳಿಯ ಮನೆಗೆ ಬಂದಿದ್ದ. ನಾಲ್ಕು ಮೊಟ್ಟೆ ಬೇಯಿಸಿ, ಬಿಡಿಸಿ, ತಟ್ಟೆಯಲ್ಲಿಟ್ಟೆ. ಒಂದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಒಂದು ಕಲೆ ಇಲ್ಲ. "ಊಂ, ಬಿಎಸ್ಸಿ ಮೊಟ್ಟೆ ಕಣಮ್ಮಿ ಇದು" ಎಂದ. "ನಿಮ್ಮತ್ತೇದು ಈಗ್ಲೂ ಒಡ್ದೋಯ್ತದೆ." ಅವನ ಬಾಯಿಂದ ಅದಕ್ಕಿಂತ ದೊಡ್ಡ ಬಿರುದು ನಿರೀಕ್ಷಿಸುವ ಹಾಗಿಲ್ಲ.

ಕೊನೆಯ ಪೋಸ್ಟಿಂಗು ಶ್ರೀರಂಗಪಟ್ಟಣ. ಅಲ್ಲಿ ಕಲಿತದ್ದು ಇನ್ನೊಂದೇ ವಿದ್ಯೆ. ಒಂದು ದಿನ ಇಡ್ಲಿ ಬೆಂದು ಮುಗಿದಿತ್ತು, ಹಬೆ ಇನ್ನೂ ಜೋರಾಗಿತ್ತು, ಗ್ಯಾಸು ಮುಗಿಯುವ ಹಂತದಲ್ಲಿತ್ತು. ಎರಡನೇ ಸಲ ಒಲೆ ಹಚ್ಚುವುದೇಕೆ ಎಂದು ಇಡ್ಲಿ ತಟ್ಟೆಯ ಗುಳಿಗಳಲ್ಲೇ ಮೊಟ್ಟೆ ಕೂರಿಸಿ ಮುಚ್ಚಿದೆವು. ಒಂದು ಗುಳಿಗೊಂದು ಮೊಟ್ಟೆ. ಅಕ್ಕಪಕ್ಕದ್ದು ತಾಗುವುದಿಲ್ಲ, ಕುಣಿಯುವುದಕ್ಕೆ ನೀರೇ ಇಲ್ಲ. ಮುಚ್ಚಳ ತೆಗೆದಾಗ ಒಂದೂ ಬಿರಿದಿರಲಿಲ್ಲ. ಅವತ್ತಿನಿಂದ ಅಲ್ಲಿ ಮೊಟ್ಟೆ ಹಬೆಯಲ್ಲೇ. ದೊಡ್ಡ ಇಡ್ಲಿ ಪಾತ್ರೆ ಇರುವ ಹಾಸ್ಟೆಲ್ಲಿನವರು ಇದನ್ನೇ ಮಾಡಿ. ಹಾಗೆಂದು ಟಿಣ್ ಎನ್ನಿಸಿ ಆರಿಸುವುದನ್ನು ಬಿಡಬೇಡಿ. ಗಾಯ ಮಾಡಿಕೊಂಡು ಬಂದದ್ದಕ್ಕೆ ಹಬೆಯೂ ಮದ್ದಲ್ಲ.

ನಿವೃತ್ತಿಯ ದಿನ ಅಲ್ಲೇ ಬಂತು. ಬೆಳಿಗ್ಗೆ ಚಾರ್ಜ್ ತೆಗೆದುಕೊಳ್ಳಲು ಹೊಸ ವಾರ್ಡನ್ ಬಂದರು. ಚಿಕ್ಕ ವಯಸ್ಸು, ಮೊದಲ ನೌಕರಿ, ಮಡಿಕೆ ಬಿಡದ ಹೊಸ ಸೀರೆ. ಅವರ ಮನೆಯಲ್ಲೂ ಮೊದಲು ಓದಿದ್ದು ಅವರೇ ಎಂದು ಮಾತಿನ ನಡುವೆ ತಿಳಿಯಿತು. ಮಂಚ, ಹಾಸಿಗೆ, ಪಾತ್ರೆ, ಬೀಗದ ಕೈ ಎಲ್ಲ ಒಪ್ಪಿಸಿದೆ. ಅವರು ಎಚ್ಚರಿಕೆಯಿಂದ ನೋಡಿ ನೋಡಿ ಸಹಿ ಹಾಕಿದರು. ಹಾರ, ಭಾಷಣ, ಮಕ್ಕಳ ಹಾಡು ಮುಗಿದು ಊಟಕ್ಕೆ ಕೂತೆವು. ಮೊಟ್ಟೆಯ ದಿನವೇ ಆಗಿತ್ತು. ಹೊಸಬರು ನನ್ನ ಪಕ್ಕದಲ್ಲಿ.

ಬಡಿಸುವ ಹುಡುಗಿ ಸಾಲು ಮುಗಿಸಿ ನಮ್ಮ ಮುಂದೆ ಬಂದಳು. ಹಬೆಯಲ್ಲಿ ಬೆಂದರೂ ಅವತ್ತು ಅದೆಲ್ಲಿಂದಲೋ ಒಂದು ಗಾಯದ್ದು ಬಂದಿತ್ತು. ಅಭ್ಯಾಸದಂತೆ ಅದನ್ನು ನನ್ನ ತಟ್ಟೆಯ ಮೇಲೆ ತಂದಳು. ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಪಕ್ಕಕ್ಕೆ ತೋರಿಸಿದೆ.

"ಇವತ್ತಿಂದ ಅವರಿಗೆ."

ಮೊಟ್ಟೆ ಹೊಸ ವಾರ್ಡನ್ ತಟ್ಟೆಗೆ ಬಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಕೆಂಪಾಯಿತು. "ಇದೇನ್ ಮೇಡಂ, ಬಂದ ಮೊದಲನೇ ದಿನಾನೇ ನಂಗೆ ಒಡೆದಿದ್ದಾ?"

ನಾನು ಸಾಲಿನ ಕೊನೆಯಲ್ಲಿ ಕೂತಿದ್ದ ಪುಟ್ಟ ಹುಡುಗಿಯ ಕಡೆ ಕಣ್ಣು ತೋರಿಸಿದೆ. ಅವಳು ತನ್ನ ಗುಂಡಗಿನ ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಯಾವ ಕಡೆಯಿಂದ ಕಚ್ಚಲಿ ಎಂದು ಯೋಚಿಸುತ್ತಿದ್ದಳು. ಹೊಸಬರು ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ತಟ್ಟೆಯ ಮೊಟ್ಟೆ ಮುರಿದು ಬಾಯಿಗಿಟ್ಟರು. ಮುಖ ಕಿವಿಚಿದರು. ಆದರೂ ತುಂಡು ಬಿಡದೆ ತಿಂದು ಮುಗಿಸಿದರು.

ನಾನು ಚೀಲ ತೆಗೆದುಕೊಂಡು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಾಗ ಅಡುಗೆಮನೆಯಿಂದ ಅಡುಗೆಯವರನ್ನು ಕರೆಯುವ ಹೊಸಬರ ದನಿ ಕೇಳಿಸಿತು.

"ಅಕ್ಕಾ, ಇದೊಂದು ಯಾಕೆ ಒಡೀತು? ಬನ್ನಿ ಇಲ್ಲಿ, ನೋಡೋಣ."

ಈಗ ಚಾರ್ಜ್ ಒಪ್ಪಿಸಿದ್ದಾಯಿತು ಎಂದುಕೊಂಡು ಬಸ್ಸಿಗೆ ನಡೆದೆ.